ಬಣ್ಣ ನಂಬಬೇಡಿ, ಕುಳ ನೋಡಿ

ಹಳೆಯ ಟ್ರ್ಯಾಕ್ಟರುಗಳಿಗೆ ಜಗತ್ತಿನ ತುಂಬ ಅಭಿಮಾನಿಗಳಿದ್ದಾರೆ. ಅವುಗಳ ಬೆನ್ನಿಗೆ ಬಿದ್ದು ಮಣ್ಣು ಸೀಳಿದ ನೇಗಿಲುಗಳನ್ನು ಕೇಳುವವರು ಕಡಿಮೆ. ಟ್ರ್ಯಾಕ್ಟರಿಗಾದರೆ ಎಂಜಿನ್ ಮೇಲೆ ಸಂಖ್ಯೆ ಇರುತ್ತದೆ, ಕಂಪನಿಯ ದಾಖಲೆಯಲ್ಲಿ ವರ್ಷ ಸಿಗುತ್ತದೆ. ನೇಗಿಲಿನ ತಗಡುಪಟ್ಟಿ ಕಳಚಿ ಹೋಗಿ ದಶಕಗಳೇ ಆಗಿರುತ್ತವೆ. ಬಣ್ಣವಂತೂ ಮೊದಲ ಕೆಲವು ಹಂಗಾಮಿನಲ್ಲೇ ಮಣ್ಣಿಗೆ ಸವೆದು ಹೋಗಿರುತ್ತದೆ. ಹಾಗಾಗಿ ಅಮೆರಿಕದ ಅಯೋವಾ, ಇಲಿನಾಯ್ ಕಡೆಯಲ್ಲಾಗಲಿ, ಇಂಗ್ಲೆಂಡಿನ ಪೂರ್ವ ಭಾಗದಲ್ಲಾಗಲಿ, ಕೊಟ್ಟಿಗೆಯ ಹಿಂದಿನ ಹುಲ್ಲಿನಲ್ಲಿ ಒಂದು ನೇಗಿಲು ಸಿಕ್ಕಾಗ ಏಳುವ ಪ್ರಶ್ನೆಗಳು ಒಂದೇ ಬಗೆಯವು: ಇದು ಯಾರು ಮಾಡಿದ್ದು, ಯಾವ ಕಾಲದ್ದು, ಎಷ್ಟು ಇಂಚಿನದು, ಇನ್ನೂ ಉಳಬಲ್ಲದೆ?

ಸಂಗ್ರಹಕಾರರು ಮೊದಲ ಮೂರು ಪ್ರಶ್ನೆಗಳನ್ನು ಒಂದು ಕಡೆಗೂ ಕೊನೆಯದನ್ನು ಇನ್ನೊಂದು ಕಡೆಗೂ ಇಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ನೇಗಿಲು ಯಾವ ಮಣ್ಣಿಗೆ, ಎಷ್ಟು ಬಲದ ಟ್ರ್ಯಾಕ್ಟರಿಗೆ ಹುಟ್ಟಿತು ಎಂಬುದು ತಿಳಿದರೆ ಅದರ ಹೆಸರು ತಾನಾಗಿ ಹತ್ತಿರ ಬರುತ್ತದೆ. ಹೆಸರು ಮಾತ್ರ ಗೊತ್ತಿದ್ದು ಉಳಿದದ್ದು ತಿಳಿಯದಿದ್ದರೆ ಅದನ್ನು ಹೊಲಕ್ಕೆ ಇಳಿಸಲು ಆಗುವುದಿಲ್ಲ.

ಮೊದಲು ನೋಡಬೇಕಾದದ್ದು ಲೋಹ. ಟ್ರ್ಯಾಕ್ಟರ್ ಬರುವ ಮೊದಲೇ ನೇಗಿಲಿನ ಲೋಹ ಎರಡು ಕವಲಾಗಿತ್ತು. ಒಂದು ಎರಕದ ಕಬ್ಬಿಣದ್ದು. ಅಮೆರಿಕದಲ್ಲಿ ಚಾರ್ಲ್ಸ್ ನ್ಯೂಬೋಲ್ಡ್ 1797ರಲ್ಲಿ ಎರಕದ ನೇಗಿಲಿಗೆ ಪೇಟೆಂಟ್ ಪಡೆದಾಗ, ಕಬ್ಬಿಣ ಮಣ್ಣಿಗೆ ವಿಷ ಹಾಕುತ್ತದೆ ಎಂದು ರೈತರು ಅದನ್ನು ಮುಟ್ಟಲಿಲ್ಲ. ನೂರು ವರ್ಷ ಕಳೆದ ಮೇಲೆ ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಎತ್ತಿನ ಕಬ್ಬಿಣದ ನೇಗಿಲು ಮಾಡಿ ಮಾರಲು ಹೊರಟಾಗಲೂ ಇದೇ ಮಾತು ಕೇಳಬೇಕಾಯಿತು. ಇಂಗ್ಲೆಂಡಿನ ಇಪ್ಸ್‌ವಿಚ್‌ನ ರಾಬರ್ಟ್ ರ‍್ಯಾನ್ಸಮ್ 1803ರಲ್ಲಿ ಎರಕದ ನೇಗಿಲಿಗೊಂದು ದೊಡ್ಡ ತಿರುವು ಕೊಟ್ಟ. ಕುಳದ ಅಡಿಮೈಯನ್ನು ಎರಕದ ಅಚ್ಚಿನಲ್ಲೇ ಬೇಗ ತಣಿಸಿ ಗಡುಸು ಮಾಡಿದ. ಮೇಲ್ಮೈ ಮೆತ್ತಗಿದ್ದು ಬೇಗ ಸವೆಯುತ್ತದೆ, ಅಡಿಮೈ ಸವೆಯುವುದಿಲ್ಲ. ಹೀಗಾಗಿ ಉಳುತ್ತ ಉಳುತ್ತ ಕುಳ ತಾನೇ ಹರಿತವಾಗುತ್ತ ಹೋಗುತ್ತದೆ. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಜೇಮ್ಸ್ ಆಲಿವರ್ ಈ ತಣಿಸಿದ ಎರಕವನ್ನು ಮಣ್ಣು ಮಗುಚುವ ಹಲಗೆಯ ಇಡೀ ಮುಖಕ್ಕೆ ತಂದ. 1857ರಲ್ಲಿ ಪೇಟೆಂಟ್ ಪಡೆದ ಆತನ ಕಾರ್ಖಾನೆ ಮುಂದೆ ಆಲಿವರ್ ಚಿಲ್ಡ್ ಪ್ಲೋ ವರ್ಕ್ಸ್ ಎಂದು ಹೆಸರಾಯಿತು.

ಇನ್ನೊಂದು ಕವಲು ಉಕ್ಕಿನದು. ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯಲ್ಲಿ 1837ರಲ್ಲಿ ಕಮ್ಮಾರ ಜಾನ್ ಡೀರ್ ಮುರಿದ ಗರಗಸದ ಅಲಗಿನಿಂದ ನೇಗಿಲು ಮಾಡಿದ. ಪ್ರೇರಿ ಎಂಬ ಹುಲ್ಲುಬಯಲಿನ ಕಪ್ಪು ಮಣ್ಣು ಎರಕದ ಹಲಗೆಗೆ ಅಂಟಿಕೊಂಡು ಬಿಡುತ್ತಿರಲಿಲ್ಲ. ನುಣುಪಾದ ಉಕ್ಕಿನ ಮೇಲೆ ಅದೇ ಮಣ್ಣು ಜಾರಿಕೊಂಡು ಹೋಯಿತು. ಮಳೆ ಬಿದ್ದ ಎರೆ ಹೊಲದಲ್ಲಿ ನೇಗಿಲು ಹೂಡಿದವರಿಗೆ ಈ ಕಷ್ಟವನ್ನು ವಿವರಿಸಬೇಕಿಲ್ಲ. ಟೆಕ್ಸಾಸಿನ ಕಪ್ಪು ಮಣ್ಣೂ ನಮ್ಮ ಧಾರವಾಡ, ವಿಜಯಪುರದ ಎರೆಯೂ ಮಣ್ಣಿನ ಶಾಸ್ತ್ರದಲ್ಲಿ ಒಂದೇ ಕುಲದವು. ಒಣಗಿದಾಗ ಬಿರಿಯುವ, ನೆನೆದಾಗ ಉಬ್ಬುವ ಮಣ್ಣುಗಳು. ಅಂಥ ನೆಲಕ್ಕೆಂದೇ ಅಮೆರಿಕದ ಕಂಪನಿಗಳು ಬೇರೆ ಆಕಾರದ ಹಲಗೆ ಮಾಡುತ್ತಿದ್ದವು. ಹಲಗೆಯನ್ನೇ ಪಟ್ಟಿ ಪಟ್ಟಿಯಾಗಿ ಸೀಳಿ, ಮಣ್ಣು ತಾಗುವ ಮೈ ಕಡಿಮೆ ಮಾಡಿದ ನೇಗಿಲುಗಳೂ ಇದ್ದವು. ಮೆದು ಉಕ್ಕಿನ ಎರಡೂ ಮಗ್ಗುಲಿಗೆ ಗಡುಸು ಉಕ್ಕು ಬೆಸೆದ ಮೂರು ಪದರದ ಹಲಗೆ ಈ ಕವಲಿನ ಶ್ರೇಷ್ಠ ಮಾದರಿ. ಹೊರಗೆ ಗಾಜಿನಂತೆ ಹೊಳಪು ಹಿಡಿಯುತ್ತದೆ, ಕಲ್ಲು ತಾಗಿದರೆ ಒಳಗಿನ ಮೆದು ಪದರ ಪೆಟ್ಟು ತಡೆದುಕೊಳ್ಳುತ್ತದೆ.

ಇವೆರಡನ್ನು ಬೇರೆ ಮಾಡಿ ಹೇಳಲು ಒಂದು ಅರವೂ ಹಲಗೆಯ ದಪ್ಪವೂ ನೆರವಾಗುತ್ತವೆ. ತಣಿಸಿದ ಎರಕದ ಮುಖದ ಮೇಲೆ ಅರ ಕಚ್ಚುವುದೇ ಇಲ್ಲ, ಜಾರಿಹೋಗುತ್ತದೆ. ಹಲಗೆ ದಪ್ಪಗಿದ್ದು ಅದರ ಬೆನ್ನು ಮರಳಚ್ಚಿನಿಂದ ಬಂದ ಒರಟಿನಲ್ಲೇ ಉಳಿದಿದ್ದರೆ ಅದು ಎರಕದ್ದು. ತೆಳ್ಳಗೆ ಎಲ್ಲೆಡೆ ಒಂದೇ ದಪ್ಪವಿದ್ದರೆ ಉಕ್ಕು. ಎರಕದ್ದೆಂದು ತಿಳಿದ ಮೇಲೆ ಅದನ್ನು ಸುತ್ತಿಗೆಯಿಂದ ಬಡಿಯಬಾರದು. ಒಂದೇ ಏಟಿಗೆ ಒಡೆಯುತ್ತದೆ, ಕಮ್ಮಾರನೂ ಅದನ್ನು ಕಾಯಿಸಿ ತಟ್ಟಲಾರ. ಮರಳು, ಗರಸು ತುಂಬಿದ ನೆಲದಲ್ಲಿ ಎರಕದ ಕುಳ ಉಕ್ಕಿಗಿಂತ ಹೆಚ್ಚು ಬಾಳುತ್ತದೆ. ಅಂಟು ಮಣ್ಣಿನಲ್ಲಿ ಮಾತ್ರ ಕೈಕೊಡುತ್ತದೆ. ಅಮೆರಿಕದ ಪೂರ್ವದ ರಾಜ್ಯಗಳಲ್ಲಿ ಎರಕದ ನೇಗಿಲುಗಳೂ ಪಶ್ಚಿಮದ ಪ್ರೇರಿಯಲ್ಲಿ ಉಕ್ಕಿನವೂ ಹೆಚ್ಚಾಗಿ ಸಿಗುವುದಕ್ಕೆ ಇದೇ ಕಾರಣ. ನೇಗಿಲು ಸಿಕ್ಕ ಊರು ಯಾವುದು ಎಂಬುದೂ ಗುರುತಿನ ಭಾಗವೇ.

ಯಂತ್ರದ ಬಲ ಬಂದಾಗ ಮೊದಲು ಬೆಳೆದದ್ದು ಕುಳಗಳ ಸಂಖ್ಯೆ. ಲೀಡ್ಸ್‌ನ ಜಾನ್ ಫೌಲರ್ ಉಗಿ ಎಂಜಿನ್ನನ್ನು ಹೊಲದ ಅಂಚಿನಲ್ಲಿ ನಿಲ್ಲಿಸಿ ಉಕ್ಕಿನ ಹಗ್ಗದಿಂದ ನೇಗಿಲು ಎಳೆಸಿ, 1858ರಲ್ಲಿ ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ 500 ಪೌಂಡ್ ಬಹುಮಾನ ಗೆದ್ದಿದ್ದ. 1911ರಲ್ಲಿ ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ಹೊಲದಲ್ಲಿ ಮೂರು ರೂಮ್ಲಿ ಆಯಿಲ್‌ಪುಲ್ ಟ್ರ್ಯಾಕ್ಟರುಗಳು ಸೇರಿ ಐವತ್ತು ಕುಳದ ಆಲಿವರ್ ನೇಗಿಲನ್ನು ಎಳೆದವು. ಅದು ಜಾಹೀರಾತಿನ ಪ್ರದರ್ಶನ. ರೈತನ ಮನೆಗೆ ಬಂದದ್ದು 1917ರ ಫೋರ್ಡ್‌ಸನ್ನಿನಂಥ ಸಣ್ಣ ಟ್ರ್ಯಾಕ್ಟರು ಮತ್ತು ಅದರ ಹಿಂದಿನ ಎರಡು ಕುಳದ ನೇಗಿಲು. ಇವತ್ತು ಹುಲ್ಲಿನಲ್ಲಿ ಸಿಗುವ ಬಹುಪಾಲು ನೇಗಿಲುಗಳು ಈ ಕುಟುಂಬದವು: ಮೂರು ಗಾಲಿಯ, ಎರಡು ಅಥವಾ ಮೂರು ಕುಳದ, ಹಿಂದೆ ಎಳೆದೊಯ್ಯುವ ನೇಗಿಲು.

ಇದರ ಕಟ್ಟಡವನ್ನು ಹತ್ತಿರದಿಂದ ನೋಡಿದರೆ ಅದರ ವಯಸ್ಸೂ ಕಾಣುತ್ತದೆ. ಎಡಗಡೆ ಉಳದ ನೆಲದ ಮೇಲೆ ಓಡುವ ದೊಡ್ಡ ಗಾಲಿ, ಬಲಗಡೆ ಹಿಂದಿನ ಸಾಲಿನೊಳಗೆ ಓಡುವ ಮುಂಗಾಲಿ, ಹಿಂಬದಿಯಲ್ಲಿ ಸಾಲಿನ ಗೋಡೆಗೆ ಓರೆಯಾಗಿ ಒರಗಿ ಓಡುವ ಚಿಕ್ಕ ಗಾಲಿ. ನೆಲದ ಗಾಲಿಯ ಅಚ್ಚಿನ ಮೇಲೆ ಒಂದು ಕ್ಲಚ್ ಕೂತಿರುತ್ತದೆ. ಚಾಲಕ ಟ್ರ್ಯಾಕ್ಟರಿನ ಮೇಲೆ ಕೂತೇ ಹಗ್ಗ ಎಳೆದರೆ ಕೊಂಡಿ ಬಿಡುತ್ತದೆ, ಕ್ಲಚ್ ಹಿಡಿಯುತ್ತದೆ, ಗಾಲಿ ತಿರುಗುವ ಬಲದಿಂದಲೇ ಇಡೀ ನೇಗಿಲು ನೆಲದಿಂದ ಮೇಲೇಳುತ್ತದೆ. ಇನ್ನೊಮ್ಮೆ ಎಳೆದರೆ ಕೆಳಗಿಳಿಯುತ್ತದೆ. ಎಂಜಿನ್ನಿನ ಸಂಬಂಧವಿಲ್ಲದೆ, ಎಣ್ಣೆಯ ಒತ್ತಡವಿಲ್ಲದೆ, ಬರಿಯ ಹಲ್ಲುಗಾಲಿ ಮತ್ತು ಉರುಳೆಯಿಂದ ನಡೆಯುವ ಈ ಕೆಲಸ ನೋಡಿದಾಗಲೆಲ್ಲ ಅದನ್ನು ಕಂಡುಹಿಡಿದವರ ಮೇಲೆ ಗೌರವ ಹುಟ್ಟುತ್ತದೆ. ಹೊಲ ಹಸಿಯಾಗಿದ್ದು ಗಾಲಿ ಜಾರಿದರೆ ನೇಗಿಲು ಏಳುವುದಿಲ್ಲ, ಅದಕ್ಕೇ ಆ ಗಾಲಿಗೆ ಕಬ್ಬಿಣದ ಹಲ್ಲುಗಳು. ಕ್ಲಚ್ಚಿನ ಜಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಕೂಡಿಸುವ ಕಿವಿಗಳಿದ್ದರೆ ನೇಗಿಲು ಎರಡನೇ ಮಹಾಯುದ್ಧದ ನಂತರದ್ದು, ಇಲ್ಲವೇ ಆಮೇಲೆ ಬದಲಾಯಿಸಿದ್ದು. ಕೈಯಿಂದ ಎತ್ತುವ ಸನ್ನೆಗಳು ಮಾತ್ರ ಇದ್ದರೆ ಕಾಲ ಇನ್ನೂ ಹಿಂದಕ್ಕೆ ಹೋಗುತ್ತದೆ. ರಬ್ಬರ್ ಟೈರು ಕಂಡು ಮೋಸಹೋಗಬಾರದು. ಕಬ್ಬಿಣದ ಗಾಲಿಯ ಅರೆಕಾಲುಗಳನ್ನು ಕತ್ತರಿಸಿ ರಿಮ್ ಬೆಸೆದು ಟೈರು ಹಾಕಿಸಿದ ರೈತರು ಲೆಕ್ಕವಿಲ್ಲದಷ್ಟು.

ಇನ್ನು ಹೆಸರಿನ ವಿಷಯ. ಬಹಳ ಜನ ಎಡವುವುದು ಇಲ್ಲೇ. ನೇಗಿಲಿನ ಕಂಪನಿಗಳು ಟ್ರ್ಯಾಕ್ಟರ್ ಕಂಪನಿಗಳ ಹೊಟ್ಟೆಗೆ ಸೇರಿದ್ದು 1911ರಿಂದ 1937ರ ನಡುವೆ, ಒಂದರ ಹಿಂದೆ ಒಂದರಂತೆ. ಸಿರಾಕ್ಯೂಸ್ ಚಿಲ್ಡ್ ಪ್ಲೋ 1911ರಲ್ಲಿ ಜಾನ್ ಡೀರ್‌ಗೆ ಸೇರಿತು. ಇಲಿನಾಯ್‌ನ ಕ್ಯಾಂಟನ್ ಊರಿನ ಪಾರ್ಲಿನ್ ಅಂಡ್ ಓರೆಂಡಾರ್ಫ್ 1919ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಪಾಲಾಯಿತು. ಅದರ ಲಿಟ್ಲ್ ಜೀನಿಯಸ್ ಎಂಬ ನೇಗಿಲು ಮುಂದೆ ಮೆಕ್‌ಕಾರ್ಮಿಕ್-ಡೀರಿಂಗ್ ಹೆಸರಿನಲ್ಲಿ ದಶಕಗಳ ಕಾಲ ಮಾರಾಟವಾಯಿತು. ಮೋಲೀನ್ ಪ್ಲೋ 1929ರಲ್ಲಿ ಮಿನಿಯಾಪೊಲಿಸ್-ಮೋಲೀನ್‌ನ ಭಾಗವಾಯಿತು. ಅದೇ ವರ್ಷ ಆಲಿವರ್ ಕಂಪನಿ ಹಾರ್ಟ್-ಪಾರ್ ಮುಂತಾದವುಗಳ ಜೊತೆ ಕೂಡಿ ದೊಡ್ಡದಾಯಿತು. ರಾಕ್ ಐಲೆಂಡ್ ಪ್ಲೋ 1937ರಲ್ಲಿ ಕೇಸ್ ಕಂಪನಿಗೆ ಹೋಯಿತು. ಜಾನ್ ಡೀರ್ ಬಿಟ್ಟು ಬಂದ ಹಳೆಯ ಪಾಲುದಾರನ ಗ್ರ್ಯಾಂಡ್ ಡಿಟೂರ್ ಪ್ಲೋ ಕಂಪನಿಯನ್ನು 1919ರಲ್ಲಿ ಕೊಂಡದ್ದೂ ಇದೇ ಕೇಸ್.

ಕೇಸ್ ಎಂಬ ಹೆಸರಿನದೇ ಒಂದು ದೊಡ್ಡ ಗೊಂದಲ. ವಿಸ್ಕಾನ್ಸಿನ್‌ನ ರೆಸೀನ್ ಎಂಬ ಒಂದೇ ಊರಿನಲ್ಲಿ ಜೆ.ಐ. ಕೇಸ್ ಹೆಸರಿನ ಎರಡು ಬೇರೆ ಬೇರೆ ಕಂಪನಿಗಳಿದ್ದವು. ಒಂದು ಒಕ್ಕಣೆ ಯಂತ್ರದ್ದು, ಇನ್ನೊಂದು ಜೆ.ಐ. ಕೇಸ್ ಪ್ಲೋ ವರ್ಕ್ಸ್. ಎರಡಕ್ಕೂ ಹೆಸರಿಗಾಗಿ ಜಗಳವಿತ್ತು. 1928ರಲ್ಲಿ ನೇಗಿಲಿನ ಕಂಪನಿಯನ್ನು ಕೆನಡಾದ ಮ್ಯಾಸಿ-ಹ್ಯಾರಿಸ್ ಕೊಂಡು, ಕೇಸ್ ಹೆಸರಿನ ಹಕ್ಕನ್ನು ಒಕ್ಕಣೆ ಯಂತ್ರದ ಕಂಪನಿಗೇ ಮಾರಿತು. ಆದ್ದರಿಂದ 1928ಕ್ಕೆ ಹಿಂದಿನ ನೇಗಿಲಿನ ಮೇಲೆ ಕೇಸ್ ಎಂದಿದ್ದರೆ ಅದು ಈಗ ನಾವು ಬಲ್ಲ ಕೇಸ್ ಕಂಪನಿಯದೇ ಆಗಿರಬೇಕಿಲ್ಲ. ಅದರ ವಂಶ ಮ್ಯಾಸಿ-ಹ್ಯಾರಿಸ್ ಕಡೆಗೂ ಹೋಗಿರಬಹುದು.

ಹೀಗಿರುವಾಗ ಎರಕದ ಭಾಗಗಳ ಮೇಲಿನ ಸಂಖ್ಯೆಯೇ ಒಳ್ಳೆಯ ಸಾಕ್ಷಿ. ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು ಸೀಮೆಸುಣ್ಣ ಅಡ್ಡಡ್ಡ ಉಜ್ಜಿದರೆ ಉಬ್ಬಿದ ಅಂಕಿಗಳು ಎದ್ದು ಕಾಣುತ್ತವೆ. ಪಿ.ಒ. ಎಂದು ಶುರುವಾಗುವ ಸಂಖ್ಯೆ ಸಿಕ್ಕರೆ ಅದು ಕ್ಯಾಂಟನ್ ಕಾರ್ಖಾನೆಯ ಕಡೆಗೆ, ಅಂದರೆ ಪಾರ್ಲಿನ್ ಅಂಡ್ ಓರೆಂಡಾರ್ಫ್ ಮತ್ತು ಹಾರ್ವೆಸ್ಟರ್ ವಂಶದ ಕಡೆಗೆ ಕೈ ತೋರಿಸುತ್ತದೆ. ಬ್ರಿಟಿಷ್ ರ‍್ಯಾನ್ಸಮ್ಸ್ ನೇಗಿಲುಗಳಲ್ಲಿ ಹಲಗೆಯ ಮಾದರಿಗಳಿಗೇ ವೈಎಲ್, ಟಿಸಿಎನ್, ಎಪಿಕ್ ಎಂಬಂಥ ಹೆಸರುಗಳಿದ್ದವು. ಒಂದು ಎಚ್ಚರ ಮಾತ್ರ ಬೇಕು. ಆ ಅಂಕಿ ಬಿಡಿಭಾಗದ ಸಂಖ್ಯೆ, ನೇಗಿಲಿನದಲ್ಲ, ವರ್ಷದ್ದಂತೂ ಅಲ್ಲವೇ ಅಲ್ಲ. ಒಂದೇ ಎರಕದ ಭಾಗವನ್ನು ಇಪ್ಪತ್ತು ಮೂವತ್ತು ವರ್ಷ, ಹಲವು ಮಾದರಿಗಳಿಗೆ ಬಳಸಿದ್ದುಂಟು. ಚೌಕಟ್ಟು, ಗಾಲಿಯ ಹಬ್, ಸನ್ನೆ, ಕುಳ ಕೂರುವ ಎರಕದ ಗಟ್ಟಿ, ಹೀಗೆ ನಾಲ್ಕಾರು ಕಡೆಯ ಸಂಖ್ಯೆ ಬರೆದುಕೊಂಡು ಹಳೆಯ ಬಿಡಿಭಾಗಗಳ ಪಟ್ಟಿಯಲ್ಲಿ ಅವೆಲ್ಲ ಕೂಡುವ ಮಾದರಿ ಯಾವುದೆಂದು ಹುಡುಕಬೇಕು. ಕುಳ ಮತ್ತು ಹಲಗೆಯ ಸಂಖ್ಯೆಯನ್ನು ಕೊನೆಗೆ ನಂಬಬೇಕು, ಏಕೆಂದರೆ ಮೊದಲು ಬದಲಾಗುವುದೇ ಅವು.

ಬಣ್ಣ ನೋಡಿ ತೀರ್ಮಾನಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದುರ್ಬಲ ದಾರಿ. ಜಾನ್ ಡೀರ್ ಅಂದರೆ ಹಸಿರು, ಹಳದಿ ಗಾಲಿ ಎಂಬುದು ನಿಜ. ಆದರೆ ಹಾರ್ವೆಸ್ಟರ್ ಅಂದರೆ ಕೆಂಪು ಎಂದು ನಂಬಿ ಲಿಟ್ಲ್ ಜೀನಿಯಸ್ಸಿಗೆ ತಲೆಯಿಂದ ಕಾಲಿನವರೆಗೆ ಕೆಂಪು ಬಳಿದವರು ಎಷ್ಟೋ ಜನ. ಆ ನೇಗಿಲಿನ ಚೌಕಟ್ಟು ನೀಲಿಯಿತ್ತು, ಗಾಲಿ ಮಾತ್ರ ಕೆಂಪು.

ಅಳತೆಯಲ್ಲೂ ಒಂದು ತಪ್ಪು ಪದೇ ಪದೇ ಆಗುತ್ತದೆ. ಕುಳದ ಅಂಚಿನ ಉದ್ದಕ್ಕೆ ಟೇಪು ಹಿಡಿದು ಹದಿನೆಂಟು ಇಂಚು ಎನ್ನುತ್ತಾರೆ. ಅಂಚು ಓರೆಯಾಗಿರುವುದರಿಂದ ಅದು ಯಾವಾಗಲೂ ಹೆಚ್ಚೇ ಬರುತ್ತದೆ. ಸಾಲಿನ ಗೋಡೆಗೆ ಒರಗಿ ಓಡುವ ಪಟ್ಟಿ, ಅಂದರೆ ಲ್ಯಾಂಡ್‌ಸೈಡ್, ಅದರ ನೇರಕ್ಕೆ ಒಂದು ಕೋಲು ಇಟ್ಟು, ಅಲ್ಲಿಂದ ಕುಳದ ರೆಕ್ಕೆಯ ತುದಿಗೆ ಲಂಬವಾಗಿ ಅಳೆಯಬೇಕು. ಕುಳ ಸವೆದಿದ್ದರೆ ಅದೂ ಕಡಿಮೆ ತೋರುತ್ತದೆ. ಎರಡು ಕುಳದ ನೇಗಿಲಾದರೆ ಒಂದು ಲ್ಯಾಂಡ್‌ಸೈಡಿನಿಂದ ಇನ್ನೊಂದರ ನೇರಕ್ಕೆ ಅಡ್ಡಲಾಗಿ ಅಳೆದ ಅಂತರವೇ ನಿಜವಾದ ಗಾತ್ರ. 12, 14, 16 ಇಂಚುಗಳು ಅಮೆರಿಕದಲ್ಲಿ ಹೆಚ್ಚು ಕಾಣುವ ಅಳತೆಗಳು. ಜಾನ್ ಡೀರ್ ನಂಬರ್ 44 ಎರಡು ಕುಳದ್ದು, 55 ಮೂರು ಕುಳದ್ದು.

ಗಾಲಿಗಳೇ ಇಲ್ಲದ, ಅಥವಾ ಹಿಂದೊಂದು ಚಿಕ್ಕ ಗಾಲಿಯಷ್ಟೇ ಇರುವ ನೇಗಿಲು ಸಿಕ್ಕರೆ ಕಥೆ ಬೇರೆ ಕಡೆಗೆ ತಿರುಗುತ್ತದೆ, ಹ್ಯಾರಿ ಫರ್ಗ್ಯುಸನ್ ಕಡೆಗೆ. ಉತ್ತರ ಐರ್ಲೆಂಡಿನ ಈ ಮೆಕ್ಯಾನಿಕ್ಕನ ತಲೆ ಕೆಡಿಸಿದ್ದು ಒಂದು ಅಪಾಯ. ಫೋರ್ಡ್‌ಸನ್ನಿನಂಥ ಹಗುರ ಟ್ರ್ಯಾಕ್ಟರಿನ ಹಿಂದೆ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿದರೆ ಹಿಂಗಾಲಿ ನಿಂತುಬಿಡುತ್ತಿತ್ತು. ಎಂಜಿನ್ನು ಅಚ್ಚಿನ ಸುತ್ತ ಟ್ರ್ಯಾಕ್ಟರನ್ನೇ ಮೇಲೆತ್ತಿ ಚಾಲಕನ ಮೇಲೆ ಮಗುಚುತ್ತಿತ್ತು. ಪ್ರಾಣಗಳು ಹೋಗಿವೆ. ಫರ್ಗ್ಯುಸನ್ ನೇಗಿಲನ್ನು ಕೆಳಗೆ ಎರಡು ತೋಳು, ಮೇಲೊಂದು ತೋಳಿನಿಂದ ಟ್ರ್ಯಾಕ್ಟರಿಗೇ ಕೂಡಿಸಿದ. ಕೆಳಗಿನ ತೋಳುಗಳು ಎಳೆಯುತ್ತವೆ. ನೇಗಿಲು ಮಣ್ಣಿನಲ್ಲಿ ಮುಂದಕ್ಕೆ ಮಗುಚಲು ನೋಡುವಾಗ ಮೇಲಿನ ತೋಳು ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ, ಮುಂಗಾಲಿ ಏಳಲು ಬಿಡುವುದಿಲ್ಲ. ಆ ತಳ್ಳುವಿಕೆಯನ್ನೇ ಒಂದು ಸ್ಪ್ರಿಂಗಿನಿಂದ ಅಳೆದು ಹೈಡ್ರಾಲಿಕ್ಕಿಗೆ ಸಂಜ್ಞೆ ಕೊಟ್ಟ. ಮಣ್ಣು ಗಟ್ಟಿಯಾದರೆ ತಳ್ಳು ಹೆಚ್ಚುತ್ತದೆ, ನೇಗಿಲು ತುಸು ಏಳುತ್ತದೆ. ಮೆತ್ತಗಾದರೆ ಮತ್ತೆ ಇಳಿಯುತ್ತದೆ. ನೇಗಿಲಿನ ಭಾರ ಮತ್ತು ಮಣ್ಣಿನ ಭಾರ ಹಿಂಗಾಲಿಗಳ ಮೇಲೆ ಬಿದ್ದು ಹಗುರ ಟ್ರ್ಯಾಕ್ಟರಿಗೂ ಹಿಡಿತ ಸಿಗುತ್ತದೆ.

1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಕೈಕುಲುಕಿ ಮಾಡಿಕೊಂಡ, ಕಾಗದವಿಲ್ಲದ ಒಪ್ಪಂದದಿಂದ 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ಹೆನ್ರಿಯ ಮೊಮ್ಮಗನ ಕಾಲದಲ್ಲಿ ಒಪ್ಪಂದ ಮುರಿಯಿತು, ಮೊಕದ್ದಮೆ ನಡೆಯಿತು, 1952ರಲ್ಲಿ ಫೋರ್ಡ್ ಕಂಪನಿ 92.5 ಲಕ್ಷ ಡಾಲರ್ ಕೊಟ್ಟು ಮುಗಿಸಿತು. ಈ ಜಗಳದ ಗುರುತು ನೇಗಿಲುಗಳ ಮೇಲೂ ಇದೆ. ಒಂದೇ ಬಗೆಯ ಜೋಡಣೆಯ, ಕಂಡರೆ ಅಣ್ಣತಮ್ಮಂದಿರಂಥ ನೇಗಿಲುಗಳು ಒಂದು ಕಡೆ ಫರ್ಗ್ಯುಸನ್ ಹೆಸರಿನಲ್ಲಿ, ಇನ್ನೊಂದು ಕಡೆ ಫೋರ್ಡ್ ಮಾರಾಟಜಾಲದ ಡಿಯರ್‌ಬಾರ್ನ್ ಹೆಸರಿನಲ್ಲಿ ಬಂದವು. 1950ರ ದಶಕದಲ್ಲಿ ಹಾರ್ವೆಸ್ಟರ್ ಎರಡು ಮೂತಿಯ ಫಾಸ್ಟ್ ಹಿಚ್ ಎಂಬ ಜೋಡಣೆ ತಂದಿತು, ಆಲಿಸ್-ಚಾಮರ್ಸ್ ಕಂಪನಿ ಸ್ನ್ಯಾಪ್ ಕಪ್ಲರ್ ತಂದಿತು. ಅವುಗಳ ನೇಗಿಲು ಬೇರೆ ಟ್ರ್ಯಾಕ್ಟರಿಗೆ ಹೂಡುವುದಿಲ್ಲ. ಹೀಗಾಗಿ ಟ್ರ್ಯಾಕ್ಟರಿನ ಮೈಗೆ ಕೂಡಿಸುವ ನೇಗಿಲಾದರೆ ಅದರ ಮೂತಿ ನೋಡಿದರೇ ವಂಶ ಗೊತ್ತಾಗುತ್ತದೆ. ಇವತ್ತು ನಮ್ಮ ಹೊಲದಲ್ಲಿ ಓಡಾಡುವ ಪ್ರತಿಯೊಂದು ಟ್ರ್ಯಾಕ್ಟರಿನ ಹಿಂದಿರುವ ಮೂರು ತೋಳಿನ ಜೋಡಣೆ ಫರ್ಗ್ಯುಸನ್ನನದೇ. ಆತನ ಕಂಪನಿ 1953ರಲ್ಲಿ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿ, ಮುಂದೆ ಮ್ಯಾಸಿ ಫರ್ಗ್ಯುಸನ್ ಎಂಬ ಹೆಸರು ಪಡೆಯಿತು. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಾಫೆ ಅದೇ ಟ್ರ್ಯಾಕ್ಟರನ್ನು ನಮ್ಮ ಕಡೆಯ ಹಳ್ಳಿಗಳಿಗೆ ತಂದಿತು.

ಗುರುತಾಯಿತು. ಉಳುವುದು ಹೇಗೆ?

ಮೊದಲು ಟ್ರ್ಯಾಕ್ಟರಿಗೆ ಆ ನೇಗಿಲನ್ನು ಎಳೆಯುವ ಬಲವಿದೆಯೇ ಎಂದು ಲೆಕ್ಕ ಹಾಕಬೇಕು. 14 ಇಂಚಿನ ಕುಳ, 7 ಇಂಚು ಆಳ ಎಂದರೆ 98 ಚದರ ಇಂಚು ಮಣ್ಣಿನ ಮುಖ. ಸಾಧಾರಣ ಗೋಡು ಮಣ್ಣಿನಲ್ಲಿ ಚದರ ಇಂಚಿಗೆ 7 ಪೌಂಡ್ ಎಳೆತ ಹಿಡಿದರೆ ಒಂದು ಕುಳಕ್ಕೆ 686 ಪೌಂಡ್, ಎರಡಕ್ಕೆ 1,372 ಪೌಂಡ್, ಅಂದರೆ ಸುಮಾರು 620 ಕೆಜಿ. ಗಂಟೆಗೆ 3 ಮೈಲಿ ವೇಗಕ್ಕೆ ಇದು ಎಳೆಯುವ ಕೊಕ್ಕೆಯಲ್ಲಿ ಸುಮಾರು 11 ಅಶ್ವಶಕ್ತಿ ಕೇಳುತ್ತದೆ. ಮರಳು ಮಣ್ಣಿನಲ್ಲಿ ಇದರ ಅರ್ಧ ಸಾಕು. ಗಟ್ಟಿ ಜೇಡಿಯಲ್ಲಿ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಬೇಕು. ನೆಬ್ರಾಸ್ಕಾ ರಾಜ್ಯ 1919ರಲ್ಲಿ ಕಾನೂನು ಮಾಡಿ ಮರುವರ್ಷದಿಂದ ಟ್ರ್ಯಾಕ್ಟರ್ ಪರೀಕ್ಷೆ ಶುರುಮಾಡಿದ್ದು ಕಂಪನಿಗಳು ಬಲದ ಬಗ್ಗೆ ಸುಳ್ಳು ಹೇಳುತ್ತಿದ್ದುದಕ್ಕೆ. ಹಳೆಯ ಟ್ರ್ಯಾಕ್ಟರುಗಳನ್ನು ಎರಡು ನೇಗಿಲಿನದು, ಮೂರು ನೇಗಿಲಿನದು ಎಂದೇ ಕರೆಯುತ್ತಿದ್ದುದು ಈ ಲೆಕ್ಕದಿಂದಲೇ. ಫಾರ್ಮಾಲ್ ಎಚ್ ಎಂಬ ಟ್ರ್ಯಾಕ್ಟರು ಎರಡು ಕುಳ ಎಳೆಯುತ್ತಿತ್ತು, ಫಾರ್ಮಾಲ್ ಎಂ ಮೂರು.

ಆಮೇಲೆ ಕುಳ. ನೇಗಿಲು ನೆಲಕ್ಕಿಳಿಯುವುದು ಭಾರದಿಂದ ಎಂದು ತಿಳಿದವರು ಅದರ ಮೇಲೆ ಕಲ್ಲು ಹೇರುತ್ತಾರೆ. ನೇಗಿಲು ಇಳಿಯುವುದು ಕುಳದ ಮೂತಿ ತುಸು ಕೆಳಕ್ಕೆ ಬಾಗಿರುವುದರಿಂದ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಇಟ್ಟರೆ ಕುಳದ ತುದಿ ಮತ್ತು ಲ್ಯಾಂಡ್‌ಸೈಡಿನ ಹಿಮ್ಮಡಿ ಎರಡೇ ನೆಲ ಮುಟ್ಟಬೇಕು, ನಡುವೆ 3ರಿಂದ 5 ಮಿಲಿಮೀಟರ್ ಸಂದು ಕಾಣಬೇಕು. ಪಕ್ಕದಿಂದಲೂ ಅಷ್ಟೇ ಸಂದು ಬೇಕು, ಇಲ್ಲದಿದ್ದರೆ ನೇಗಿಲು ಪೂರಾ ಅಗಲ ಕತ್ತರಿಸುವುದಿಲ್ಲ. ಈ ಸಂದು ಸವೆದುಹೋದ ನೇಗಿಲಿಗೆ ಎಷ್ಟು ಭಾರ ಹೇರಿದರೂ ಅದು ನೆಲದ ಮೇಲೆ ಜಾರುತ್ತದೆಯೇ ಹೊರತು ಇಳಿಯುವುದಿಲ್ಲ. ಉಕ್ಕಿನ ಕುಳವಾದರೆ ಕಮ್ಮಾರ ಕಾಯಿಸಿ ತಟ್ಟಿ ಮೂತಿ ಎಳೆಯಬಲ್ಲ.

ಹಲಗೆಯ ತುಕ್ಕು ಎರಡನೇ ಶತ್ರು. ಪೇಂಟು, ತುಕ್ಕು ಪೂರ್ತಿ ತೆಗೆದು, ಹೊಲಕ್ಕೆ ಒಯ್ದು ಮರಳು ಮಿಶ್ರಿತ ನೆಲದಲ್ಲಿ ಮೊದಲು ಉತ್ತರೆ ಹೊಳಪು ತಾನೇ ಬರುತ್ತದೆ. ತುಕ್ಕು ಗುಳಿಗಳಾಗಿ ಒಳಗಿಳಿದಿದ್ದರೆ ಅಂಟು ಮಣ್ಣು ಅಲ್ಲಿ ಹಿಡಿದುಕೊಂಡು ಮಗುಚುವುದೇ ಇಲ್ಲ, ಅಂಥ ಹಲಗೆ ಬದಲಾಯಿಸುವುದೇ ದಾರಿ. ಕೆಲಸ ಮುಗಿದ ದಿನವೇ ಗ್ರೀಸು ಬಳಿದಿಡಬೇಕು. ಒಂದು ರಾತ್ರಿಯ ಇಬ್ಬನಿ ಸಾಕು, ಒಂದು ದಿನದ ಹೊಳಪು ಹೋಗಲು.

ಮುಂದೆ ಉರುಳುತ್ತ ಮಣ್ಣು ಸೀಳುವ ದುಂಡಲಗನ್ನು ಕುಳದ ಗೋಡೆಯ ಗೆರೆಯಿಂದ ಅರ್ಧ ಇಂಚು ಉಳದ ನೆಲದ ಕಡೆಗೆ ಇಟ್ಟು, ಮೂರು ನಾಲ್ಕು ಇಂಚು ಇಳಿಯುವಂತೆ ಕಟ್ಟಿದರೆ ಸಾಲಿನ ಗೋಡೆ ನೀಟಾಗಿ ನಿಲ್ಲುತ್ತದೆ. ಗಟ್ಟಿ ಒಣ ನೆಲದಲ್ಲಿ ಅದನ್ನು ಹಿಂದಕ್ಕೆ ಸರಿಸಬೇಕು, ಇಲ್ಲದಿದ್ದರೆ ಅದೇ ನೇಗಿಲನ್ನು ಮೇಲೆತ್ತಿಬಿಡುತ್ತದೆ.

ಹೂಡುವ ಬಗೆಯ ಮೇಲೆ ಎಲ್ಲ ನಿಂತಿದೆ. ಮಣ್ಣಿನ ಎಳೆತದ ನಡುಬಿಂದು, ನೇಗಿಲಿನ ಕೊಕ್ಕೆ, ಟ್ರ್ಯಾಕ್ಟರಿನ ಮೊಳೆ ಈ ಮೂರೂ ಪಕ್ಕದಿಂದ ನೋಡಿದಾಗ ಒಂದೇ ಗೆರೆಯಲ್ಲಿರಬೇಕು. ನೇಗಿಲಿನ ಕೊಕ್ಕೆ ಗೆರೆಗಿಂತ ಕೆಳಗಿದ್ದರೆ ಅದರ ಮುಂಗಾಲಿಗಳು ನೆಲ ಬಿಡುತ್ತವೆ, ಮೇಲಿದ್ದರೆ ಹಿಂಬದಿ ಏಳುತ್ತದೆ. ಮೇಲಿನಿಂದ ನೋಡಿದಾಗಲೂ ಹೊಂದಿಕೆ ಬೇಕು. ಒಂದೊಂದು ಕುಳದ ಎಳೆತದ ನಡು ಅದರ ಅಗಲದ ಕಾಲು ಭಾಗದಷ್ಟು ಲ್ಯಾಂಡ್‌ಸೈಡಿನಿಂದ ಆಚೆ ಇರುತ್ತದೆ. 14 ಇಂಚಿನ ಎರಡು ಕುಳಕ್ಕೆ ಲೆಕ್ಕ ಹಾಕಿದರೆ ಎರಡರ ಒಟ್ಟು ನಡು ಹಳೆಯ ಸಾಲಿನ ಗೋಡೆಯಿಂದ 17½ ಇಂಚು ಬರುತ್ತದೆ. ಟ್ರ್ಯಾಕ್ಟರಿನ ಬಲಗಾಲಿ ಗೋಡೆಗೆ ತಾಗಿ ಸಾಲಿನೊಳಗೆ ಓಡುತ್ತದೆ. ಹಿಂಗಾಲಿಗಳ ನಡುವಿನಿಂದ ನಡುವಿಗೆ 56 ಇಂಚು, ಟೈರು 11 ಇಂಚು ಅಗಲವಿದ್ದರೆ ಟ್ರ್ಯಾಕ್ಟರಿನ ನಡುಗೆರೆ ಗೋಡೆಯಿಂದ 22½ ಇಂಚು ದೂರ. ಐದು ಇಂಚಿನ ಈ ವ್ಯತ್ಯಾಸ ದಿನವಿಡೀ ಟ್ರ್ಯಾಕ್ಟರಿನ ಮೂತಿಯನ್ನು ಒಂದು ಕಡೆಗೆ ಎಳೆಯುತ್ತಿರುತ್ತದೆ. ಗಾಲಿಗಳನ್ನು 46 ಇಂಚಿಗೆ ಒಳಕ್ಕೆ ತಂದರೆ ಎರಡೂ ಸರಿಯಾಗಿ ಕೂಡುತ್ತವೆ. ಹಳೆಯ ನೇಗಿಲು ಕೆಟ್ಟದೆಂದು ಬೈಸಿಕೊಳ್ಳುವುದು ಬಹುತೇಕ ಈ ಲೆಕ್ಕ ತಪ್ಪಿದಾಗಲೇ.

ಪ್ರಾಣದ ವಿಷಯವನ್ನು ಎರಡೇ ಮಾತಿನಲ್ಲಿ ಹೇಳಬೇಕು. ಎಳೆಯುವ ನೇಗಿಲನ್ನು ಟ್ರ್ಯಾಕ್ಟರಿನ ಕೆಳಗಿನ ಎಳೆತದ ಪಟ್ಟಿಗೇ ಕಟ್ಟಬೇಕು. ಅಚ್ಚಿಗಾಗಲಿ ಅದಕ್ಕಿಂತ ಮೇಲಾಗಲಿ ಕಟ್ಟಿದರೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚುತ್ತದೆ. ನೇಗಿಲು ಎತ್ತುವ ಹಗ್ಗವನ್ನು ಯಾವ ಕಾರಣಕ್ಕೂ ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳಬಾರದು.

ಇಷ್ಟೆಲ್ಲ ಮಾಡಿ ಉಳಬೇಕೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 1930ರ ದಶಕದಲ್ಲಿ ಅಮೆರಿಕದ ಬಯಲುಸೀಮೆ ಧೂಳಾಗಿ ಎದ್ದು ಹೋಯಿತು. ಬರದ ಜೊತೆಗೆ, ಹುಲ್ಲುಗಾವಲನ್ನು ಟ್ರ್ಯಾಕ್ಟರಿನಿಂದ ಸೀಳಿ ಗೋಧಿ ಬಿತ್ತಿದ್ದೂ ಕಾರಣ. ಕಾನ್ಸಾಸಿನಲ್ಲಿ ಹುಟ್ಟಿದ ಒಂದೇ ಕಡೆ ಮಗುಚುವ ಬಿಲ್ಲೆಯ ನೇಗಿಲು ನೆಲವನ್ನು ಹಿಟ್ಟು ಮಾಡಿತ್ತು. 1935ರಲ್ಲಿ ಅಮೆರಿಕ ಸರ್ಕಾರ ಮಣ್ಣು ಸಂರಕ್ಷಣೆಗೆಂದೇ ಇಲಾಖೆ ತೆರೆಯಿತು. 1943ರಲ್ಲಿ ಎಡ್ವರ್ಡ್ ಫಾಕ್ನರ್ ‘ಪ್ಲೋಮನ್ಸ್ ಫಾಲಿ’ ಎಂಬ ಪುಸ್ತಕದಲ್ಲಿ ಮಗುಚುವ ನೇಗಿಲಿನ ಅಗತ್ಯವನ್ನೇ ಪ್ರಶ್ನಿಸಿದ. ಆತನ ಎಲ್ಲ ವಾದವನ್ನೂ ನಾನು ಒಪ್ಪುವುದಿಲ್ಲ. ಬೇರೂರಿದ ಕಳೆಯ ಗಡ್ಡೆಗಳನ್ನು ಬಿಸಿಲಿಗೆ ಎತ್ತಿಹಾಕಲು ಮಾಗಿ ಉಳುಮೆಗೆ ಸಮನಾದದ್ದು ನಮ್ಮ ಎರೆ ಸೀಮೆಯಲ್ಲಿ ಇನ್ನೂ ಕಂಡಿಲ್ಲ. ಆದರೆ ಇಳಿಜಾರಿನ ಹೊಲವನ್ನು ಪ್ರತಿವರ್ಷ ಮಗುಚುವುದು ತಪ್ಪು ಎಂಬಲ್ಲಿ ಆತ ಸರಿ. ಹಳೆಯ ನೇಗಿಲನ್ನು ಆಗೊಮ್ಮೆ ಈಗೊಮ್ಮೆ ಸಮನೆಲದಲ್ಲಿ ಹೂಡುವುದಕ್ಕೂ ಅದನ್ನೇ ಬೇಸಾಯ ಪದ್ಧತಿ ಮಾಡಿಕೊಳ್ಳುವುದಕ್ಕೂ ಅಂತರವಿದೆ.

ಆ ಆಗೊಮ್ಮೆ ಈಗೊಮ್ಮೆಗೆ ಯುರೋಪಿನಲ್ಲಿ ಒಂದು ಗಟ್ಟಿ ವೇದಿಕೆಯಿದೆ. ಐರ್ಲೆಂಡಿನ ರಾಷ್ಟ್ರೀಯ ಉಳುಮೆ ಸ್ಪರ್ಧೆ 1931ರಿಂದ ನಡೆಯುತ್ತಿದೆ. ವಿಶ್ವ ಉಳುಮೆ ಸಂಸ್ಥೆ 1952ರಲ್ಲಿ ಹುಟ್ಟಿ ಮರುವರ್ಷ ಕೆನಡಾದ ಕೋಬರ್ಗ್‌ನಲ್ಲಿ ಮೊದಲ ವಿಶ್ವಸ್ಪರ್ಧೆ ನಡೆಸಿತು. ಬ್ರಿಟನ್ನಿನ ಸ್ಪರ್ಧೆಗಳಲ್ಲಿ ಹಳೆಯ ಟ್ರ್ಯಾಕ್ಟರು, ಹಳೆಯ ನೇಗಿಲಿಗೆ ಪ್ರತ್ಯೇಕ ವಿಭಾಗಗಳಿವೆ. ಮೊದಲ ಸಾಲು ಎಷ್ಟು ನೆಟ್ಟಗಿದೆ, ಹುಲ್ಲು ಪೂರ್ತಿ ಮುಚ್ಚಿದೆಯೇ, ಕೊನೆಯ ಸಾಲು ಎಷ್ಟು ತೆಳುವಾಗಿ ಮುಗಿದಿದೆ ಎಂದು ನೋಡಿ ಅಂಕ ಕೊಡುತ್ತಾರೆ. ಬಣ್ಣಕ್ಕೆ ಅಂಕವಿಲ್ಲ. ಹಳೆಯ ನೇಗಿಲನ್ನು ಉಳಿಸುವ ಸರಿಯಾದ ಕ್ರಮ ಇದೇ ಎಂದು ನನ್ನ ಅಭಿಪ್ರಾಯ. ಪಾಲಿಶ್ ಹೊಡೆದು ಅಂಗಳದಲ್ಲಿ ನಿಲ್ಲಿಸಿದ ನೇಗಿಲಿನ ಕುಳ, ಹಲಗೆ ಸರಿಯಿದೆಯೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಹೊಲಕ್ಕಿಳಿದರೆ ಮೊದಲ ಹತ್ತು ಮಾರಿನಲ್ಲೇ ತಿಳಿಯುತ್ತದೆ.

ನಮ್ಮಲ್ಲಿ ಇಂಥ ಸ್ಪರ್ಧೆಗಳ ಪರಂಪರೆ ಇಲ್ಲ, ಟ್ರ್ಯಾಕ್ಟರ್ ನೇಗಿಲುಗಳ ದಾಖಲೆಯೂ ಇಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶದಲ್ಲಿದ್ದ ಟ್ರ್ಯಾಕ್ಟರುಗಳೆಲ್ಲ ಹೊರದೇಶದವು. ಕಳೆ ಹುಲ್ಲು ಹಬ್ಬಿ ಬೀಳುಬಿದ್ದ ನೆಲವನ್ನು ಮತ್ತೆ ಸಾಗುವಳಿಗೆ ತರಲು 1949ರಲ್ಲಿ ವಿಶ್ವಬ್ಯಾಂಕಿನಿಂದ ಭಾರತ ಒಂದು ಕೋಟಿ ಡಾಲರ್ ಸಾಲ ಪಡೆದು ಯಂತ್ರ ತರಿಸಿತ್ತು. ಅವುಗಳ ಹಿಂದೆ ಬಂದ ನೇಗಿಲುಗಳು, ಆಮೇಲೆ ಅವನ್ನು ನೋಡಿ ನಮ್ಮ ಊರಿನ ವೆಲ್ಡಿಂಗ್ ಅಂಗಡಿಗಳಲ್ಲಿ ಮಾಡಿದ ನೇಗಿಲುಗಳು ಕೊಟ್ಟಿಗೆ, ಕಣ, ಹಳೆಯ ಗ್ಯಾರೇಜುಗಳ ಹಿಂದೆ ಬಿದ್ದಿದ್ದರೆ, ಗುಜರಿಯವನು ಬಂದು ಕೆಜಿ ಲೆಕ್ಕದಲ್ಲಿ ಬೆಲೆ ಹೇಳುವ ಮೊದಲು ಓದುಗರು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಬೇಕು. ತುಕ್ಕು ಕೆರೆದು ಅಂಕಿಗಳನ್ನು ಬರೆದಿಡಿ, ಕುಳದ ಅಂತರ ಅಳೆಯಿರಿ, ಜೋಡಣೆಯ ಮೂತಿಯ ಫೋಟೊ ತೆಗೆಯಿರಿ, ಅದನ್ನು ಉತ್ತವರು ಮನೆಯಲ್ಲಿ ಇನ್ನೂ ಇದ್ದರೆ ಯಾವ ಟ್ರ್ಯಾಕ್ಟರಿನ ಹಿಂದೆ, ಯಾವ ಹೊಲದಲ್ಲಿ ಉತ್ತದ್ದೆಂದು ಕೇಳಿ ಬರೆದುಕೊಳ್ಳಿ. ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ವಿಭಾಗಕ್ಕೆ ಆ ಕಾಗದ ತಲುಪಿಸಿ.